ಅವಶೇಷದ ವಯಸ್ಸು

ಆತ ನನ್ನ ಕೋಣೆಗೆ ಮೊದಲು ಬಂದದ್ದು 1990ರ ಬೇಸಿಗೆಯಲ್ಲಿ ಎಂದು ನಾನು ಬಹುಕಾಲ ನಂಬಿದ್ದೆ. ಈಗ ತಾಳೆ ನೋಡಿದರೆ ಅದು ಸಾಧ್ಯವಿಲ್ಲ. ಜರ್ಮನಿಯವರ ಹೊಸ ಎಕ್ಸ್-ಕಿರಣ ಉಪಗ್ರಹ ಆಗಲೇ ಆಕಾಶದ ಸಮೀಕ್ಷೆ ನಡೆಸುತ್ತಿರುವ ಬಗ್ಗೆ ಆ ದಿನ ನಾವು ಮಾತನಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಉಪಗ್ರಹ ಹಾರಿದ್ದು 1990ರ ಜೂನ್ ಒಂದರಂದು; ಸಮೀಕ್ಷೆ ಶುರುವಾದದ್ದು ಅದರ ಮೇಲೆ. ಅಲ್ಲದೆ ಆತನ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿತ್ತು. ಆದ್ದರಿಂದ ಅದು ಆ ವರ್ಷದ ಕೊನೆಯ ಚಳಿಗಾಲವಿರಬೇಕು, ಅಥವಾ 1991ರ ಜನವರಿ. ಇದಕ್ಕಿಂತ ಹೆಚ್ಚು ನಿಖರವಾಗಿ ಹೇಳಲು ನನ್ನಲ್ಲಿ ಆಧಾರವಿಲ್ಲ.

ನಾನು ಆಗ ವಾರಾಣಸಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಆತ ಊರಿನ ಒಂದು ಸಣ್ಣ ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕ. ವಯಸ್ಸು ಮೂವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಪ್ರತಿ ಬೇಸಿಗೆಯಲ್ಲೂ ಕೆಲಸದಿಂದ ತೆಗೆದು, ಪ್ರತಿ ಜುಲೈಯಲ್ಲೂ ಮತ್ತೆ ಸೇರಿಸಿಕೊಳ್ಳುವ ಕ್ರಮದಲ್ಲಿ ಆತನ ಉದ್ಯೋಗ ನಡೆದಿತ್ತು. ಹುಟ್ಟಿದ್ದು ಬನಾರಸಿನಲ್ಲೇ, ಮನೆಮಾತು ಧಾರವಾಡ ಸೀಮೆಯ ಕನ್ನಡ. ಅಜ್ಜನ ಕಾಲದಲ್ಲಿ ಬಂದ ಕುಟುಂಬ. ಶಿವಾಲದ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಆತನ ತಂದೆ, ನಾನು ಭಟ್ಟರೆಂದು ಕರೆಯುತ್ತಿದ್ದವರು, ಕರ್ನಾಟಕದಿಂದ ಬಂದು ಬಂಗಾಲಿ ಟೋಲಾದ ವಸತಿಗೃಹಗಳಲ್ಲಿ ಇಳಿಯುವ ಯಾತ್ರಿಕರಿಗೆ ಕೇದಾರ ಘಾಟಿನಲ್ಲಿ ಸ್ನಾನಸಂಕಲ್ಪ, ಶ್ರಾದ್ಧ ಮಾಡಿಸುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅವರಿಂದಲೇ.

ಭಟ್ಟರಿಗೆ ದಮ್ಮು ಇತ್ತು. ತಣ್ಣೀರಿಗೆ ಇಳಿಯಬಾರದೆಂದು ವೈದ್ಯರು ಹೇಳಿದ್ದರು. ಆದರೆ ಯಾತ್ರಿಕರು ಹೆಚ್ಚು ಬರುವುದು ಮಾಘದಲ್ಲಿ, ನದಿಯ ಮೇಲೆ ಮಂಜು ಮಧ್ಯಾಹ್ನದವರೆಗೂ ಕರಗದ ದಿನಗಳಲ್ಲಿ. ಆಗ ಮೊಣಕಾಲುದ್ದ ನೀರಿನಲ್ಲಿ ನಿಂತು ಮಂತ್ರ ಹೇಳಿಸದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮಗನ ಕೆಲಸ ಕಾಯಂ ಆದ ದಿನ ಘಾಟಿಗೆ ಇಳಿಯುವುದನ್ನು ಬಿಡುತ್ತೇನೆ ಎಂದು ಅವರು ಸೊಸೆಗೆ ಮಾತು ಕೊಟ್ಟಿದ್ದರು. ಕಾಲೇಜಿನ ಆಡಳಿತದವರು 1993ರ ಜುಲೈಯಿಂದ ಒಂದು ಕಾಯಂ ಹುದ್ದೆ ತುಂಬುವುದಾಗಿಯೂ, ಡಾಕ್ಟರೇಟ್ ಇದ್ದರೆ ಅದು ಆತನದೇ ಎಂದೂ ಹೇಳಿದ್ದರು. ಆತ ನನ್ನ ಬಳಿ ಸಂಶೋಧನೆಗೆ ಸೇರಿದ್ದರ ಕಾರಣ ಇದು. ಇದನ್ನು ಆತ ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ.

ನಾವು ಆರಿಸಿಕೊಂಡ ವಿಷಯ ಒಂದು ಸೂಪರ್‌ನೋವಾ ಅವಶೇಷ. ಅದರ ಪಟ್ಟಿಸಂಖ್ಯೆಯನ್ನು ಇಲ್ಲಿ ಕೊಡುವುದಿಲ್ಲ; ಕೊಟ್ಟರೆ ಬಲ್ಲವರಿಗೆ ಆತನ ಗುರುತು ಸಿಗುತ್ತದೆ. ಸ್ಫೋಟಗೊಂಡ ನಕ್ಷತ್ರದ ಚೂರುಗಳು ಸುತ್ತಲಿನ ಅನಿಲವನ್ನು ಗುಡಿಸಿಕೊಂಡು ಹೊರಕ್ಕೆ ನುಗ್ಗುವಾಗ ಆ ಅನಿಲ ಹತ್ತಾರು ಲಕ್ಷ ಡಿಗ್ರಿ ಕಾಯುತ್ತದೆ. ಅಷ್ಟು ಕಾದ ವಸ್ತು ಎಕ್ಸ್-ಕಿರಣಗಳನ್ನು ಸೂಸುತ್ತದೆ. ನಮ್ಮ ವಾತಾವರಣ ಆ ಕಿರಣಗಳನ್ನು ನೆಲಕ್ಕೆ ಬಿಡದ ಕಾರಣ ಉಪಗ್ರಹದಿಂದಲೇ ನೋಡಬೇಕು. ಹೊಸ ಉಪಗ್ರಹದ ಮಾಹಿತಿ ನಮ್ಮಂಥವರ ಕೈಗೆ ಬರಲು ಇನ್ನೂ ಕಾಲವಿತ್ತು. ನಮಗೆ ಸಿಕ್ಕಿದ್ದು ಹಿಂದಿನ ಅಮೆರಿಕನ್ ಉಪಗ್ರಹವೊಂದರದ್ದು. ಅದು 1978ರ ನವೆಂಬರಿನಲ್ಲಿ ಹಾರಿ 1981ರ ಏಪ್ರಿಲಿನಲ್ಲಿ ನಿಂತುಹೋಗಿತ್ತು. ಸತ್ತ ನಕ್ಷತ್ರವನ್ನು ಸತ್ತ ಯಂತ್ರದ ಕಣ್ಣಿನಿಂದ ನೋಡುತ್ತಿದ್ದೇವೆಂದು ವಿಭಾಗದಲ್ಲಿ ಕೆಲವರು ನಗುತ್ತಿದ್ದರು.

ಮುಂಬಯಿಯ ಸಂಸ್ಥೆಯೊಂದರಲ್ಲಿ ಪ್ರತಿ ಮಾಡಿಸಿದ ಮ್ಯಾಗ್ನೆಟಿಕ್ ಟೇಪನ್ನು ಆತ ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ರೈಲಿನಲ್ಲಿ ತೊಡೆಯ ಮೇಲೆಯೇ ಇರಿಸಿಕೊಂಡು ತಂದ. ನಮ್ಮಲ್ಲಿ ಚಿತ್ರ ತೋರಿಸುವ ಪರದೆ ಇರಲಿಲ್ಲ. ಗಣಕ ಪ್ರತಿ ಚೌಕಕ್ಕೆ ಬಿದ್ದ ಕಿರಣಕಣಗಳ ಎಣಿಕೆಯನ್ನು ಬರಿಯ ಅಂಕಿಗಳಾಗಿ ಉದ್ದನೆಯ ಕಾಗದದ ಮೇಲೆ ಮುದ್ರಿಸುತ್ತಿತ್ತು. ಆತ ಅಂಥ ಹಾಳೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ, ಸಮನಾದ ಅಂಕಿಗಳನ್ನು ಪೆನ್ಸಿಲಿನಿಂದ ಸೇರಿಸುತ್ತ ಹೋಗುತ್ತಿದ್ದ. ವಿದ್ಯುತ್ ಹೋದಾಗ, ಅದು ದಿನವೂ ಹೋಗುತ್ತಿತ್ತು, ಕಿಟಕಿಯ ಬೆಳಕು ಬೀಳುವಲ್ಲಿಗೆ ಹಾಳೆಯನ್ನು ಎಳೆದುಕೊಂಡು ಮುಂದುವರಿಸುತ್ತಿದ್ದ. ಹಾಗೆ ಕೆಲವು ವಾರ ಗೀಚಿದ ಮೇಲೆ ನೆಲದ ಮೇಲೊಂದು ಮುರಿದ ಬಳೆ ಕಾಣಿಸಿಕೊಂಡಿತು. ಅದೇ ನಮ್ಮ ಅವಶೇಷ.

ಭಟ್ಟರು ಅದನ್ನು ನೋಡಲು ಒಮ್ಮೆ ವಿಭಾಗಕ್ಕೆ ಬಂದಿದ್ದರು. ಇದು ಸತ್ತದ್ದು ಯಾವಾಗ ಎಂದು ಕೇಳಿದರು. ಸಾವಿರ ವರ್ಷದ ಮೇಲಾಗಿರಬಹುದು ಎಂದೆ.

“ಇನ್ನೂ ಬಿಸಿ ಅದ ಅಂತೀರಿ?”

“ಲಕ್ಷಗಟ್ಟಲೆ ಡಿಗ್ರಿ, ಭಟ್ಟರೇ.”

“ನಮ್ಮ ಗಿರಾಕಿ ಛಲೋ ಸರ. ಸಂಜಿ ಆಗೋದ್ರಾಗ ತಣ್ಣಗ ಆಗ್ತಾರ” ಎಂದು ನಕ್ಕರು, ನಕ್ಕದ್ದು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಗ ಪೆನ್ಸಿಲು ಕೆಳಗಿಟ್ಟು ಬೆನ್ನು ನೀವಿದ.

ವಯಸ್ಸು ಲೆಕ್ಕ ಹಾಕುವ ಕ್ರಮ ಹೀಗೆ. ಎಕ್ಸ್-ಕಿರಣಗಳ ಶಕ್ತಿಯಿಂದ ಅನಿಲ ಎಷ್ಟು ಕಾದಿದೆಯೆಂದು ತಿಳಿಯುತ್ತದೆ. ಎಷ್ಟು ಕಾದಿದೆ ಎಂಬುದರಿಂದ ಅದು ಯಾವ ವೇಗದಲ್ಲಿ ಹಿಗ್ಗುತ್ತಿದೆ ಎಂಬುದು. ಬಳೆಯ ನಿಜವಾದ ಅಗಲ ಗೊತ್ತಾದರೆ ಅಷ್ಟು ಹಿಗ್ಗಲು ಎಷ್ಟು ಕಾಲ ಬೇಕಾಯಿತೆಂದು ಹೇಳಬಹುದು. ಅಗಲ ತಿಳಿಯಲು ಮಾತ್ರ ಅದು ನಮ್ಮಿಂದ ಎಷ್ಟು ದೂರವಿದೆ ಎಂಬುದು ಬೇಕೇ ಬೇಕು. ಹತ್ತಿರದ ಸಣ್ಣ ಬಳೆಯೂ ದೂರದ ದೊಡ್ಡ ಬಳೆಯೂ ಆಕಾಶದಲ್ಲಿ ಒಂದೇ ಅಳತೆಗೆ ಕಾಣುತ್ತವೆ. ಆ ದೂರವನ್ನು ನಾವು ಅಳೆಯಲಿಲ್ಲ, ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ. ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಬಳಸುತ್ತಿದ್ದ ಒಂದು ದೂರವನ್ನೇ ನಾವೂ ತೆಗೆದುಕೊಂಡೆವು.

1992ರ ಮಳೆಗಾಲದ ಹೊತ್ತಿಗೆ ಉತ್ತರ ಬಂತು. ಚೀನೀಯರು ಹಿಂದೊಂದು ಕಾಲದಲ್ಲಿ, ಆಕಾಶದ ಅದೇ ಭಾಗದಲ್ಲಿ, ‘ಅತಿಥಿ ನಕ್ಷತ್ರ’ವೊಂದು ಕಾಣಿಸಿಕೊಂಡು ಮಾಯವಾದದ್ದನ್ನು ಬರೆದಿಟ್ಟಿದ್ದರು. ಆತ ಕಂಡ ವಯಸ್ಸು ಆ ವರ್ಷಕ್ಕೆ ಸರಿಯಾಗಿ ಕೂಡುತ್ತಿತ್ತು. ಕಾಣಿಸಿದ ನಕ್ಷತ್ರ ಮತ್ತು ಉಳಿದ ಅವಶೇಷ ಎರಡೂ ಒಂದೇ ಎಂದು ಎಕ್ಸ್-ಕಿರಣಗಳಿಂದ ತೋರಿಸಿದಂತಾಯಿತು. ಇಂಥ ಜೋಡಣೆಗಳು ಪ್ರಪಂಚದಲ್ಲಿ ಕೈಬೆರಳೆಣಿಕೆಯಷ್ಟು ಮಾತ್ರ. ಮಹಾಪ್ರಬಂಧಕ್ಕೆ ಇದಕ್ಕಿಂತ ಗಟ್ಟಿಯಾದ ಅಧ್ಯಾಯ ಬೇಕಿರಲಿಲ್ಲ. ಸುದ್ದಿ ಮನೆಗೂ ತಲುಪಿತು. ನಾನು ಒಂದು ಸಂಜೆ ಶಿವಾಲಕ್ಕೆ ಹೋದಾಗ ಸೊಸೆ ಗೋಧಿ ಹುಗ್ಗಿ ಮಾಡಿದ್ದಳು; ಭಟ್ಟರು ಬರುವ ಮಾಘವೇ ತಮ್ಮ ಕೊನೆಯ ಮಾಘ ಎಂದು ನೆರೆಯ ರೈಲ್ವೆ ಗುಮಾಸ್ತರಿಗೂ ಹೇಳಿಬಿಟ್ಟಿದ್ದರು. ಅವರು ಹೇಳಿದ್ದು ಘಾಟಿನ ಕೆಲಸದ ಬಗ್ಗೆ.

ನನಗೆ ಆ ಉತ್ತರದಲ್ಲಿ ಒಂದು ಕಸಿವಿಸಿ ಇತ್ತು. ನಮ್ಮ ಶಾಖದ ಅಳತೆಯಲ್ಲೇ ಸಾಕಷ್ಟು ತಪ್ಪಿಗೆ ಅವಕಾಶವಿತ್ತು. ಅಂಥ ಅಳತೆಯಿಂದ ಹೊರಟ ವಯಸ್ಸು ದಾಖಲೆಯ ವರ್ಷದ ಪಕ್ಕಕ್ಕೇ ಬಂದು ಕೂರುವುದು ಹೇಗೆ? ಅಳತೆಗಿಂತ ಉತ್ತರ ನಿಖರವಾಗಿರಲಾರದು. ಇದನ್ನು ಆತನಿಗೆ ಹೇಳಿದೆ. ಅದೃಷ್ಟವಿರಬಹುದು ಎಂದು ಇಬ್ಬರೂ ಅಂದುಕೊಂಡೆವು. ಆದರೆ ಆತ ಅಲ್ಲಿಗೆ ಬಿಡಲಿಲ್ಲ.

ಆತ ಬಂದು ವಿಷಯ ಹೇಳಿದ ದಿನ ಕರ್ಫ್ಯೂ ತೆಗೆದು ಸ್ವಲ್ಪ ಕಾಲವಾಗಿತ್ತು. ನಗರದಲ್ಲಿ ಆ ವರ್ಷಗಳಲ್ಲಿ ಎರಡು ಸಲ ದೊಡ್ಡ ಕರ್ಫ್ಯೂ ಇತ್ತು, 1991ರ ನವೆಂಬರಿನಲ್ಲಿ ಒಮ್ಮೆ, 1992ರ ಡಿಸೆಂಬರಿನಲ್ಲಿ ಇನ್ನೊಮ್ಮೆ. ನನ್ನ ನೆನಪು ಎರಡನ್ನೂ ಬೆರೆಸುತ್ತದೆ. ಮಳೆಗಾಲದಲ್ಲಿ ಬಂದ ಉತ್ತರದ ನಂತರವೇ ಇದು ನಡೆದದ್ದಾದ್ದರಿಂದ ಎರಡನೆಯದೇ ಸರಿ. ಹಾಗಾದರೆ ಆ ದಿನ 1993ರ ಜನವರಿಯದು. ನೇಕಾರರ ಕೇರಿ ಮದನಪುರಾದಲ್ಲಿ ಮಗ್ಗಗಳು ಇನ್ನೂ ನಿಂತೇ ಇದ್ದವು. ಆ ಬೀದಿಯ ಮೂಲಕ ಸೈಕಲ್ಲಿನಲ್ಲಿ ಬರುವಾಗ ಮಗ್ಗದ ಸದ್ದಿಲ್ಲದೆ ದಾರಿ ತಪ್ಪಿದ ಹಾಗಾಯಿತೆಂದು ಆತ ಹೇಳಿದ. ಆಮೇಲೆ ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ.

“ಸರ್, ದೂರ ಎಲ್ಲಿಂದ ಬಂತು ಅಂತ ಹಿಂದ ಹಿಂದ ಹೋಗಿ ನೋಡ್ದೆ.”

“ಎಲ್ಲಿಂದ?”

“ಅದೇ ವರ್ಷದಿಂದ.”

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎಲ್ಲರೂ ಬಳಸುತ್ತಿದ್ದ ಆ ದೂರವನ್ನು ಒಬ್ಬರು ಇನ್ನೊಬ್ಬರಿಂದ, ಅವರು ಮತ್ತೊಬ್ಬರಿಂದ ಪಡೆದಿದ್ದರು. ಸರಪಳಿಯ ಮೊದಲ ಕೊಂಡಿಯಲ್ಲಿದ್ದವರು, ಅವಶೇಷವು ಆ ಅತಿಥಿ ನಕ್ಷತ್ರದ್ದೇ ಎಂದು ಊಹಿಸಿಕೊಂಡು, ಆ ವರ್ಷದಿಂದ ಈವರೆಗೆ ಇಷ್ಟು ಹಿಗ್ಗಿರಬೇಕಾದರೆ ಇಷ್ಟು ದೂರದಲ್ಲಿರಬೇಕು ಎಂದು ಲೆಕ್ಕ ಮಾಡಿದ್ದರು. ಅವರು ಅದನ್ನು ಊಹೆಯೆಂದೇ ಬರೆದಿದ್ದರು. ಕೈಯಿಂದ ಕೈಗೆ ದಾಟುವಾಗ ಊಹೆ ಎಂಬ ಮಾತು ಉದುರಿ, ಅಂಕಿ ಮಾತ್ರ ಉಳಿದಿತ್ತು. ವರ್ಷದಿಂದ ದೂರ ತೆಗೆದರು. ದೂರದಿಂದ ನಾವು ವರ್ಷ ತೆಗೆದೆವು. ಹಾಕಿದ್ದೇ ಹೊರಗೆ ಬಂದಿತ್ತು. ಎರಡು ವರ್ಷದ ಪೆನ್ಸಿಲ್ ಗೆರೆಗಳು ಆ ವರ್ಷದ ಬಗ್ಗೆ ಏನನ್ನೂ ಹೇಳಿರಲಿಲ್ಲ.

ಸ್ವತಂತ್ರವಾಗಿ ದೂರ ತಿಳಿಯುವ ಮಾರ್ಗವಿತ್ತು. ನಡುವಿನ ಹೈಡ್ರೋಜನ್ ಅನಿಲ ಅವಶೇಷದ ರೇಡಿಯೋ ತರಂಗಗಳನ್ನು ಎಷ್ಟು ಹೀರಿಕೊಂಡಿದೆ ಎಂದು ದೊಡ್ಡ ರೇಡಿಯೋ ದೂರದರ್ಶಕದಿಂದ ನೋಡಬೇಕು. ಅದಕ್ಕೆ ಅರ್ಜಿ ಹಾಕಿ, ಸರದಿ ಕಾದು, ಫಲ ಬರುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ. ಆತನ ಬಳಿ ಇದ್ದದ್ದು ಚಳಿಗಾಲದ ಉಳಿದ ಭಾಗ. ಅಧ್ಯಾಯವನ್ನು ಇದ್ದ ಹಾಗೆ ಬಿಟ್ಟರೆ ಪ್ರಬಂಧ ಒಪ್ಪಿತವಾಗುತ್ತಿತ್ತು. ತೆಗೆದರೆ ಉಳಿಯುತ್ತಿದ್ದದ್ದು ಅಂಕಿಗಳ ಹಾಳೆ ಮತ್ತು ಒಂದು ಮುರಿದ ಬಳೆ. ಏನು ಮಾಡಲಿ ಎಂದು ಆತ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದನ್ನು ಇಷ್ಟು ವರ್ಷಗಳ ಮೇಲೆ ಬರೆಯುವುದು ಸುಲಭ. ಆ ಕಾರಣಕ್ಕೇ ಬರೆಯುವುದಿಲ್ಲ.

ಮರುವಾರ ಭಟ್ಟರು ನನ್ನನ್ನು ಮನೆಗೆ ಕರೆಸಿಕೊಂಡರು. ಮಾಘ ಶುರುವಾಗಿತ್ತು. ಅವರು ಬೆಳಗಿನ ಕೆಲಸ ಮುಗಿಸಿ, ಕಾಲಿಗೆ ಸಾಸಿವೆ ಎಣ್ಣೆ ಹಚ್ಚಿಕೊಂಡು, ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ಬೊರಸಿ, ಇಲ್ಲಿಯವರು ಕೆಂಡ ತುಂಬುವ ಮಣ್ಣಿನ ಅಗ್ಗಿಷ್ಟಿಕೆ. ಮಗ ಬಾಗಿಲ ಬಳಿ ನಿಂತಿದ್ದ. ಆತ ತಂದೆಗೆ ಎಲ್ಲವನ್ನೂ ವಿವರಿಸಿದ್ದನೆಂದು ಅವರ ಮೊದಲ ಪ್ರಶ್ನೆಯಿಂದಲೇ ತಿಳಿಯಿತು.

“ಸರ, ಪರೀಕ್ಷಾ ಮಾಡೋರು ಇದನ್ನ ಹಿಡೀತಾರೇನು?”

“ಹಿಡಿಯಲಾರರು. ಅವರೂ ಅದೇ ದೂರವನ್ನು ಬಳಸುವವರು.”

“ಮತ್ತ?”

ಬಾಗಿಲ ಬಳಿಯಿಂದ ಮಗ ಹೇಳಿದ: “ಅಪ್ಪಾ, ತಿಥಿ ಗೊತ್ತಿಲ್ಲದವರು ಬಂದ್ರ ನೀವೇನ ಮಾಡ್ತೀರಿ?”

“ಅಮಾವಾಸ್ಯಿಗೆ ಮಾಡಸ್ತೀನಿ. ಶಾಸ್ತ್ರದಾಗ ಅದಕ್ಕ ಜಾಗ ಅದ. ಗೊತ್ತಿಲ್ಲದ್ದಕ್ಕ ಒಂದು ದಿನ ಇಟಗೋಬೇಕಾಗ್ತದ. ಅದನ್ನ ನಾನೂ ಹೇಳಾಕತ್ತೀನಿ.”

“ಸಂಕಲ್ಪದಾಗ ಏನ ಹೇಳಸ್ತೀರಿ?”

ಇದರ ಉತ್ತರ ನನಗೂ ಗೊತ್ತಿತ್ತು, ಘಾಟಿನಲ್ಲಿ ನೋಡಿದ್ದೆ. ಸತ್ತ ತಿಥಿ ತಿಳಿಯದವರು ಬಂದರೆ ಭಟ್ಟರು ಮಂತ್ರ ಆರಂಭಿಸುವ ಮೊದಲು, ತಿಥಿ ಅಜ್ಞಾತ ಎಂದು ಯಾತ್ರಿಕನ ಬಾಯಿಂದಲೇ ಗಟ್ಟಿಯಾಗಿ ಹೇಳಿಸುತ್ತಿದ್ದರು. ನಾಚಿಕೊಂಡು ತಗ್ಗಿದ ದನಿಯಲ್ಲಿ ಹೇಳಿದವರಿಂದ ಎರಡನೆಯ ಸಲ ಹೇಳಿಸುತ್ತಿದ್ದರು. ಬೇರೆ ಪುರೋಹಿತರು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಯಾತ್ರಿಕ ತಡವರಿಸಿದರೆ ಅಂದಾಜಿನ ತಿಥಿಯೊಂದನ್ನು ತಾವೇ ಸೇರಿಸಿ ಮುಂದುವರಿಯುತ್ತಿದ್ದರು.

ಭಟ್ಟರು ಕೆಂಡ ಕೆದಕಿದರು. “ಅದು ಮನಷ್ಯಾರದು ತಮ್ಮಾ. ಇದಕ್ಕ ಮಕ್ಕಳಿಲ್ಲ, ಮರಿ ಇಲ್ಲ. ಪಿಂಡಾ ಇಡೋರಿಲ್ಲ. ಇದರ ತಿಥಿ ತಪ್ಪಿದ್ರ ಯಾರ ಉಪವಾಸ ಬೀಳ್ತಾರ?”

ಮಗ ಬಂದು ಬೊರಸಿಗೆ ಇನ್ನೆರಡು ಇದ್ದಿಲು ಹಾಕಿದ.

“ನಾ ಇನ್ನ ಎಷ್ಟ ಸಲ ಆ ಪಾವಟಿಗಿ ಇಳೀಲಿ?” ಎಂದರು. ಅದು ಬಯ್ಗುಳವಾಗಿರಲಿಲ್ಲ. ಯಾರಲ್ಲೂ ಏನನ್ನೂ ಕೇಳಿದ್ದನ್ನು ನಾನು ಕಾಣದ ಮನುಷ್ಯ, ಮಗನ ಮುಖ ನೋಡದೆ, ಕೈಗಳನ್ನು ಕೆಂಡದ ಮೇಲೆ ಚಾಚಿಕೊಂಡು ಕೇಳಿದ್ದರು. ಒಳಗಿನ ಕೋಣೆಯಲ್ಲಿ ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಆತನ ಮಗಳು, ಆರೇಳು ವರ್ಷದವಳು, ಅಜ್ಜನಿಗೆ ಏನಾಯಿತೆಂದು ಹಿಂದಿಯಲ್ಲಿ ಕೇಳಿದಳು.

ಆತ ಅಧ್ಯಾಯವನ್ನು ಹೊಸದಾಗಿ ಬರೆದ. ದೂರ ತಿಳಿಯದು, ಆದ್ದರಿಂದ ವಯಸ್ಸು ಕೆಲವು ನೂರು ವರ್ಷಗಳಿಂದ ಹಲವು ಸಾವಿರ ವರ್ಷಗಳ ನಡುವೆ ಎಲ್ಲಿಯಾದರೂ ಇರಬಹುದು ಎಂದಿತ್ತು ಅದರಲ್ಲಿ. ಬಳಕೆಯಲ್ಲಿರುವ ದೂರ ಹೇಗೆ ಹುಟ್ಟಿತೆಂಬುದನ್ನು ಒಂದೇ ಪುಟದಲ್ಲಿ, ಯಾರ ಮೇಲೂ ಆರೋಪವಿಲ್ಲದೆ ಬರೆದಿದ್ದ. ಅದು ಇಡೀ ಪ್ರಬಂಧದಲ್ಲಿ ಅತ್ಯಂತ ಒಳ್ಳೆಯ ಪುಟ. ಹೋಳಿಯ ಹೊತ್ತಿಗೆ ಸಲ್ಲಿಸಿದೆವು. ಪರೀಕ್ಷಕರಲ್ಲಿ ಒಬ್ಬರು ಒಪ್ಪಿದರು. ಇನ್ನೊಬ್ಬರು ಪ್ರಬಂಧಕ್ಕೆ ನಿರ್ಣಯವೇ ಇಲ್ಲವೆಂದು ತಿದ್ದಲು ಹಿಂದಿರುಗಿಸಿದರು. ಅವಶೇಷದ ವಯಸ್ಸು ಎಲ್ಲರಿಗೂ ಗೊತ್ತಿರುವಾಗ ಅಭ್ಯರ್ಥಿ ಅದನ್ನು ಕಂಡುಕೊಳ್ಳಲು ಅಸಮರ್ಥನಾಗಿದ್ದಾನೆ ಎಂಬುದು ಅವರ ಮುಖ್ಯ ಆಕ್ಷೇಪ. ನಾನು ವಾದಿಸಿ ಬರೆದೆ. ಉತ್ತರಕ್ಕೆ ಕಾಯುತ್ತಿರುವಾಗಲೇ ಜುಲೈ ಬಂತು. ಹುದ್ದೆ ಡಾಕ್ಟರೇಟ್ ಇದ್ದ ಇನ್ನೊಬ್ಬರಿಗೆ ಹೋಯಿತು. ಕಾಯಂ ಅಧ್ಯಾಪಕರು ಬಂದ ಮೇಲೆ ತಾತ್ಕಾಲಿಕದ ಅಗತ್ಯವೂ ಕಾಲೇಜಿಗೆ ಉಳಿಯಲಿಲ್ಲ. ಆತನನ್ನು ಆ ವರ್ಷ ಮತ್ತೆ ಸೇರಿಸಿಕೊಳ್ಳಲಿಲ್ಲ.

ಆ ಮುಂದಿನ ಚಳಿಗಾಲ, ಅಂದರೆ 1993-94ರದ್ದು, ಬಹಳ ಮಂಜಿನದು ಎಂದು ನನ್ನ ನೆನಪು. ಇದನ್ನು ನಾನು ಹವಾಮಾನದ ದಾಖಲೆಯೊಂದಿಗೆ ಹೋಲಿಸಿ ನೋಡಿಲ್ಲ. ಭಟ್ಟರು ಎಂದಿನಂತೆ ಘಾಟಿಗೆ ಇಳಿದರು. ಆತ ಬೆಳಿಗ್ಗೆ ಜೊತೆಗೆ ಹೋಗಿ ತಂದೆಯ ತೋಳು ಹಿಡಿದು ನೀರಿಗಿಳಿಸುತ್ತಿದ್ದ, ಒಣಗಿದ ಪಂಚೆ ಹಿಡಿದು ಕಾಯುತ್ತಿದ್ದ, ಮಧ್ಯಾಹ್ನ ವಿಶ್ವವಿದ್ಯಾಲಯದ ಬಳಿಯ ಲಂಕಾ ಬಡಾವಣೆಯ ಟ್ಯೂಷನ್ ಕೇಂದ್ರವೊಂದರಲ್ಲಿ ಗಣಿತ ಕಲಿಸುತ್ತಿದ್ದ. ತಾನೇ ನೀರಿಗಿಳಿಯುತ್ತೇನೆಂದು ಹೇಳಿ ನೋಡಿದ್ದನಂತೆ. ವಯಸ್ಸಾದ ಯಾತ್ರಿಕರು ಭಟ್ಟರನ್ನೇ ಕೇಳುತ್ತಿದ್ದರು. ಮಾಘ ಮುಗಿಯುವ ಮೊದಲು ಭಟ್ಟರಿಗೆ ಎದೆ ಕಟ್ಟಿ ಜ್ವರ ಬಂತು. ಆಸ್ಪತ್ರೆಯಲ್ಲಿ ಅವರ ಎದೆಯ ಎಕ್ಸ್-ರೇ ತೆಗೆದರು. ನಾನು ಹೋದಾಗ ಆತ ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದ. ನನ್ನನ್ನು ಕಂಡು ಲಕೋಟೆಯೊಳಗೆ ಹಾಕಿದ. ಎರಡೂ ಶ್ವಾಸಕೋಶ ಬೆಳ್ಳಗೆ ತುಂಬಿಹೋಗಿದ್ದವು. ಭಟ್ಟರು ಅದೇ ವಾರ ತೀರಿಕೊಂಡರು. ಹರಿಶ್ಚಂದ್ರ ಘಾಟಿನಲ್ಲಿ ಚಿತೆಯ ಪಕ್ಕ ನಿಂತಾಗ ಸಂಜೆಯೊಳಗೆ ತಣ್ಣಗಾಗುವ ಗಿರಾಕಿಗಳ ಬಗ್ಗೆ ಅವರು ಆಡಿದ್ದ ತಮಾಷೆ ನೆನಪಿಗೆ ಬಂತು.

ಪದವಿ ಆ ವರ್ಷವೇ ಬಂತು. ಪರೀಕ್ಷಕರು ಕೊನೆಗೆ ಒಪ್ಪಿದ್ದರು. ಆತ ಘಟಿಕೋತ್ಸವಕ್ಕೆ ಹೋಗಲಿಲ್ಲ. ಹೋಗುವ ವಯಸ್ಸಲ್ಲ ಎಂದು ನನಗೆ ಕಾರಣ ಹೇಳಿದ.

ಆಮೇಲೆ, ನನ್ನ ಲೆಕ್ಕದಲ್ಲಿ 1994ರ ಕೊನೆಗೆ, ಬೇರೆ ದೇಶದ ರೇಡಿಯೋ ಖಗೋಳಜ್ಞರು ಆ ಅವಶೇಷದ ದೂರವನ್ನು ಹೈಡ್ರೋಜನ್ ಹೀರಿಕೆಯಿಂದ ಅಳೆದರು. ಅದು ಎಲ್ಲರೂ ನಂಬಿದ್ದಕ್ಕಿಂತ ಬಹಳ ದೂರದಲ್ಲಿತ್ತು. ಆದ್ದರಿಂದ ಬಳೆ ಬಹಳ ದೊಡ್ಡದು, ವಯಸ್ಸೂ ಬಹಳ ಹೆಚ್ಚು. ಚೀನೀಯರ ಅತಿಥಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಾನು ಆ ಸುದ್ದಿ ಹಿಡಿದು ಶಿವಾಲಕ್ಕೆ ಹೋದೆ. ಆತ ಟ್ಯೂಷನ್ನಿನಿಂದ ಆಗಷ್ಟೇ ಬಂದಿದ್ದ. ಹೊಸ ದೂರವನ್ನು ಹೇಳಿದೆ. ಆತ ಬಾಯಲ್ಲೇ ಲೆಕ್ಕ ಮಾಡಿ ವಯಸ್ಸು ಹೇಳಿದ, ಸರಿಯಾಗಿತ್ತು. ಅಳತೆಯಲ್ಲಿ ತಪ್ಪಿಗೆ ಎಷ್ಟು ಅವಕಾಶವಿದೆ ಎಂದು ಕೇಳಿದ. ಹೇಳಿದೆ. ತಲೆಯಾಡಿಸಿದ.

ಆತನ ಹೆಂಡತಿ ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಿದ್ದಳು. ನಮ್ಮ ಮಾತಿಗೆ ಆಕೆ ಎಂದೂ ಸೇರಿದವಳಲ್ಲ.

“ಹಂಗಾರ ಇವ್ರು ಮಾಡಿದ್ದು ಖರೇನ ಆತಲ್ಲ ಸರ್?”

ಹೌದು, ಸಂಪೂರ್ಣ ಸರಿಯೆಂದು ಈಗ ಸಿದ್ಧವಾಗಿದೆ ಎಂದೆ. ಸಂತೋಷದ ಸುದ್ದಿ ಕೊಡುವವನ ದನಿ ನನ್ನದಾಗಿತ್ತು ಎಂದು ತೋರುತ್ತದೆ.

“ಮಾವನವ್ರಿಗೆ ಅದು ಆವಾಗನ ಗೊತ್ತಿತ್ರಿ. ತಪ್ಪು ಅನಿಸಿದ್ರ ಬಯ್ಯತಿದ್ರು. ಸರಿ ಅಂತ ಗೊತ್ತಿತ್ತು, ಅದಕ್ಕ ಬೇಡಕೊಂಡ್ರು.”

ಆತ ಚಹಾದ ಲೋಟವನ್ನು ಎತ್ತಿಕೊಂಡವನು ಕುಡಿಯದೆ ಕೆಳಗಿಟ್ಟ. ನಾನು ತಂದಿದ್ದ ಲೇಖನದ ಪ್ರತಿಯನ್ನು ಕೊಟ್ಟೆ. ಅದನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ, ವಿಭಾಗದಲ್ಲೇ ಇರಲಿ ಎಂದು ವಿನಯದಿಂದ ಹಿಂದಿರುಗಿಸಿದ.